ಸಿರಿಧಾನ್ಯ: ಹೆಸರಿನ ಸಿರಿ ಹೊಲಕ್ಕೂ ಬರಲಿ

ನವಣೆ, ಸಾಮೆ, ಹಾರಕ, ಊದಲು, ಬರಗು, ಕೊರಲೆಗಳನ್ನು ಒಟ್ಟಾಗಿ ಸೂಚಿಸಲು ಗ್ರಂಥಭಾಷೆಯಲ್ಲಿ ಬಳಕೆಯಲ್ಲಿದ್ದ ಪದ 'ತೃಣಧಾನ್ಯ'. ತೃಣವೆಂದರೆ ಹುಲ್ಲು. ಸಸ್ಯಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಇವೆಲ್ಲವೂ ಹುಲ್ಲಿನ ಕುಟುಂಬದ ಬೆಳೆಗಳೇ. ಆದರೆ ಭತ್ತ, ಗೋಧಿಗಳೂ ಅದೇ ಕುಟುಂಬದವು. ಅವನ್ನು ಯಾರೂ ತೃಣವೆಂದು ಕರೆಯಲಿಲ್ಲ. 'ತೃಣಸಮಾನ' ಎಂಬ ಮಾತಿನಲ್ಲಿರುವ ತಾತ್ಸಾರ ಬಡವರ ಧಾನ್ಯಕ್ಕೆ ಮಾತ್ರ ಅಂಟಿಕೊಂಡಿತು.

'ಸಿರಿಧಾನ್ಯ' ಈ ತಾತ್ಸಾರಕ್ಕೆ ಕನ್ನಡ ನೀಡಿದ ಉತ್ತರ. ಸಂಸ್ಕೃತದ 'ಶ್ರೀ' ಕನ್ನಡದಲ್ಲಿ 'ಸಿರಿ'ಯಾಯಿತು. ಸಂಪತ್ತು, ಸಮೃದ್ಧಿ ಎಂಬುದು ಅದರ ಅರ್ಥ. ತದ್ಭವದೊಡನೆ ತತ್ಸಮ ಸೇರಿರುವುದರಿಂದ ವೈಯಾಕರಣರು ಇದನ್ನು ಅರಿಸಮಾಸವೆನ್ನಬಹುದು. ಜನರ ನಾಲಿಗೆಯಂತೂ ಪದವನ್ನು ಒಪ್ಪಿಕೊಂಡಿದೆ. ಸರ್ಕಾರದ ಭಾಷೆಯೂ ಬದಲಾಯಿತು. 'ಒರಟು ಧಾನ್ಯ'ಗಳ ಸಾಲಿನಲ್ಲಿದ್ದ ಜೋಳ, ಸಜ್ಜೆ, ರಾಗಿ ಹಾಗೂ ಕಿರುಧಾನ್ಯಗಳನ್ನು ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ 'ಪೌಷ್ಟಿಕ ಧಾನ್ಯ'ಗಳೆಂದು ಅಧಿಸೂಚಿಸಿತು. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿತು.

ಹೆಸರಿಗೆ ಬಂದ ಈ ಗೌರವ ಬೆಳೆಯುವವರ ಪಾಲಿಗೆ ಎಷ್ಟು ಬಂದಿದೆ ಎಂಬುದೇ ಪ್ರಶ್ನೆ. ಕೇಂದ್ರದ ಕನಿಷ್ಠ ಬೆಂಬಲ ಬೆಲೆಯ ಪಟ್ಟಿಯಲ್ಲಿ ಜೋಳ, ಸಜ್ಜೆ, ರಾಗಿಗಳಿವೆ. ನವಣೆ, ಸಾಮೆ, ಹಾರಕಗಳಿಲ್ಲ. ಕರ್ನಾಟಕ ಸರ್ಕಾರ 2019ರಲ್ಲಿ 'ರೈತಸಿರಿ' ಯೋಜನೆಯಡಿ ಕಿರುಧಾನ್ಯ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿತು. ಅದು ಸ್ವಾಗತಾರ್ಹ ಹೆಜ್ಜೆ. ಆದರೆ ಪ್ರೋತ್ಸಾಹಧನವು ಖಚಿತ ಬೆಲೆಗೆ ಬದಲಿಯಲ್ಲ.

ಇನ್ನೊಂದು ತೊಡಕು ಹೊಟ್ಟಿನದು. ರಾಗಿಯನ್ನು ನೇರವಾಗಿ ಬೀಸಬಹುದು. ನವಣೆ, ಸಾಮೆಗಳ ಗಟ್ಟಿ ಹೊಟ್ಟನ್ನು ಬಿಡಿಸದೆ ಉಣ್ಣಲಾಗದು. ಒನಕೆಯಲ್ಲಿ ಕುಟ್ಟಿ, ಮೊರದಲ್ಲಿ ಕೇರಿ ಅಕ್ಕಿ ಮಾಡುವ ಶ್ರಮ ಬಹುಪಾಲು ಹೆಂಗಸರ ಹೆಗಲಿಗೆ ಬೀಳುತ್ತಿತ್ತು. ಪಡಿತರದ ಅಕ್ಕಿ ದೊರೆತ ಮೇಲೆ ಆ ದುಡಿಮೆಯನ್ನು ಕೈಬಿಟ್ಟವರನ್ನು ದೂರುವುದು ನ್ಯಾಯವಲ್ಲ. ಹಳ್ಳಿಯಲ್ಲಿ ಹೊಟ್ಟು ಬಿಡಿಸುವ ಯಂತ್ರವಿಲ್ಲದಿದ್ದರೆ ಧಾನ್ಯ ಅಗ್ಗವಾಗಿ ಪಟ್ಟಣಕ್ಕೆ ಹೋಗುತ್ತದೆ; ಲಾಭ ಅಲ್ಲಿಯೇ ಉಳಿಯುತ್ತದೆ. ಬಿಳುಪಿಗಾಗಿ ಅತಿಯಾಗಿ ಪಾಲಿಶ್ ಮಾಡಿದರೆ ತೌಡಿನೊಡನೆ ನಾರು, ಖನಿಜಾಂಶಗಳೂ ಕಳೆದುಹೋಗಿ 'ಪೌಷ್ಟಿಕ' ಎಂಬ ವಿಶೇಷಣವೇ ಸೊರಗುತ್ತದೆ.

ನೀರಾವರಿಯಿಲ್ಲದ ಇಳಿಜಾರು ಹೊಲಗಳಲ್ಲಿ, ತೆಳುಮಣ್ಣಿನಲ್ಲಿ ಬೆಳೆಯಬಲ್ಲ ಈ ಪೈರುಗಳು ಗುಡ್ಡಗಾಡಿನ ಸಹಜ ಆಸ್ತಿ. ಅವು ಉಳಿಯಬೇಕಾದರೆ ಬೆಂಬಲ ಬೆಲೆ, ಊರಿಗೊಂದು ಯಂತ್ರ, ಅಂಗನವಾಡಿ ಮತ್ತು ವಿದ್ಯಾರ್ಥಿನಿಲಯಗಳಿಗೆ ಸ್ಥಳೀಯ ಖರೀದಿ, ಈ ಮೂರೂ ಬೇಕು. ಗ್ರಾಮಸಭೆಗಳು ಇವನ್ನು ಠರಾವಿನ ಮೂಲಕ ಕೇಳಬೇಕು. ಬೆಳೆದವರ ಕಣಜಕ್ಕೆ ಬಾರದ ಸಿರಿ ಬರಿಯ ಪದವಾಗಿಯೇ ಉಳಿಯುತ್ತದೆ.