ಇಂಧನ ಉಳಿತಾಯದ ಒಂದು ಲೆಕ್ಕ

'ಹನಿ ಹನಿ ಕೂಡಿದರೆ ಹಳ್ಳ' ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಮಕ್ಕಳಿಗೆ ಎಷ್ಟು ಬಾರಿ ಹೇಳಿದ್ದೇನೋ ಲೆಕ್ಕವಿಲ್ಲ. ಹನಿಹನಿಯಾಗಿ ಸೋರಿಹೋದರೂ ಅಷ್ಟೇ ದೊಡ್ಡ ಹಳ್ಳವಾಗುತ್ತದೆ ಎಂಬುದನ್ನು ಕಾರು ಇಟ್ಟುಕೊಂಡ ನಾವು ಮರೆತಂತಿದೆ. 2021ರಲ್ಲಿ ನಮ್ಮ ರಾಜ್ಯದಲ್ಲಿ ಪೆಟ್ರೋಲ್ ಬೆಲೆ ಲೀಟರಿಗೆ ನೂರು ರೂಪಾಯಿ ದಾಟಿದಾಗ ಅರಸೀಕೆರೆಯ ಹೋಟೆಲುಗಳಲ್ಲಿ ಬೇರೆ ಮಾತೇ ಇರಲಿಲ್ಲ. ಬೈಯಬೇಕಾದವರನ್ನೆಲ್ಲ ಬೈದು ಎದ್ದವರು ಮಾತ್ರ ಹಿಂದಿನಂತೆಯೇ ಬುರ್ರೆಂದು ಗಾಡಿ ಓಡಿಸಿಕೊಂಡು ಹೋದರು. ಬೆಲೆ ನಮ್ಮ ಕೈಯಲ್ಲಿಲ್ಲ ನಿಜ, ಬಳಕೆ ನಮ್ಮ ಕೈಯಲ್ಲೇ ಇದೆಯಲ್ಲವೇ?

ಮೇಷ್ಟರ ಚಾಳಿಯಂತೆ ಒಂದು ಲೆಕ್ಕ ಹಾಕುತ್ತೇನೆ. ಅರಸೀಕೆರೆಯಿಂದ ಬಾಣಾವರ, ಜಾವಗಲ್, ಹಳೇಬೀಡಿನ ಮೇಲೆ ಬೇಲೂರಿಗೆ ಹೋಗಿಬರಲು ಸುಮಾರು 120 ಕಿ.ಮೀ. ಎಂದಿಟ್ಟುಕೊಳ್ಳೋಣ. ಲೀಟರಿಗೆ 15 ಕಿ.ಮೀ. ಓಡುವ ಕಾರಿಗೆ 8 ಲೀಟರ್ ಬೇಕು. ಅದೇ ಕಾರು 18 ಕಿ.ಮೀ. ಕೊಟ್ಟರೆ 6.7 ಲೀಟರ್ ಸಾಕು. ಪ್ರವಾಸಿಗರನ್ನು ವರ್ಷಕ್ಕೆ ನೂರು ಬಾರಿ ಕರೆದೊಯ್ಯುವ ಬಾಡಿಗೆ ಕಾರಿನವನಿಗೆ 130 ಲೀಟರ್ ಉಳಿಯಿತು. ಲೀಟರಿಗೆ ನೂರರಂತೆ ಹಿಡಿದರೂ 13,000 ರೂಪಾಯಿ. ಅಂಥ ಸಂಸಾರಕ್ಕೆ ಇದು ಸಣ್ಣ ಮೊತ್ತವಲ್ಲ.

ಈ ಮೂರು ಕಿಲೋಮೀಟರ್ ಎಲ್ಲಿಂದ ಬರಬೇಕು? ಮೊದಲನೆಯದಾಗಿ ವೇಗದಿಂದ. ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 60ರಿಂದ 80ಕ್ಕೆ ಹೋದರೆ ಅದು ಸುಮಾರು 1.8 ಪಟ್ಟಾಗುತ್ತದೆ. 1978ರಲ್ಲಿ ಸ್ಥಾಪನೆಯಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು 45ರಿಂದ 55ರ ವೇಗವನ್ನು ಸಾರುತ್ತ ಬಂದಿರುವುದು ಇದಕ್ಕೇ. 'ಸಮಯಕ್ಕೂ ಬೆಲೆಯಿಲ್ಲವೇ ಸಾರ್?' ಎಂದು ಕೇಳುವವರಿದ್ದಾರೆ. ಬೇಲೂರಿನ 60 ಕಿ.ಮೀ. ದಾರಿಯನ್ನು 60ರ ಬದಲು 80ರಲ್ಲಿ ಓಡಿಸಿದರೆ ಕಾಗದದ ಮೇಲೆ ಹದಿನೈದು ನಿಮಿಷ ಉಳಿಯುತ್ತದೆ. ಊರೂರಿನ ಹಂಪು, ದನಕರು, ಕೊಬ್ಬರಿ ಹೇರಿದ ಲಾರಿಗಳ ನಡುವೆ ಅದರಲ್ಲಿ ಅರ್ಧವೂ ದಕ್ಕುವುದಿಲ್ಲ. ರಭಸದಿಂದ ಹೋಗಿ ಬ್ರೇಕ್ ಒತ್ತಿದಾಗಲೆಲ್ಲ ಹಣ ಕೊಟ್ಟು ಕೊಂಡ ವೇಗವೇ ಬಿಸಿಯಾಗಿ ವ್ಯರ್ಥವಾಗುತ್ತದೆ.

ಎರಡನೆಯದು ಹಳೆಯ ನಂಬಿಕೆಗಳ ವಿಷಯ. 1973ರ ತೈಲ ಬಿಕ್ಕಟ್ಟಿನಲ್ಲಿ ಕಚ್ಚಾತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಅಂಬಾಸಿಡರ್, ಫಿಯಟ್ ಕಾಲದ ಚಾಲಕರು ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲಿಗೆ ಹಾಕುವುದನ್ನು ಜಾಣತನವೆಂದು ಬಗೆದಿದ್ದರು. ಕಾರ್ಬ್ಯುರೇಟರ್ ಗಾಡಿಗಳಲ್ಲಿ ಅದರಿಂದ ಒಂದಿಷ್ಟು ಉಳಿಯುತ್ತಿದ್ದಿರಬಹುದು. ಇಂದಿನ ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲೇ ಇಳಿಯುವಾಗ, ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ, ಇಂಧನವನ್ನು ತಾವೇ ನಿಲ್ಲಿಸುತ್ತವೆ. ನ್ಯೂಟ್ರಲಿನಲ್ಲಾದರೋ ಎಂಜಿನ್ ಉರಿಯುತ್ತಲೇ ಇರಬೇಕಾಗುತ್ತದೆ. ಮೇಲಾಗಿ ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಕೀಲಿ ತಿರುಗಿಸಿ ಎಂಜಿನ್ನನ್ನೇ ಆರಿಸಿದರೆ ಬ್ರೇಕ್ ಗಟ್ಟಿಯಾಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ. ಬೇಲೂರಿನಿಂದ ಮೂಡಿಗೆರೆಯ ಮೇಲೆ ಚಾರ್ಮಾಡಿ ಘಾಟಿ ಇಳಿಯುವವರು ಇದನ್ನು ಮನನ ಮಾಡಿಕೊಳ್ಳಬೇಕು. ಅಲ್ಲಿ ಪಣಕ್ಕಿರುವುದು ಪೆಟ್ರೋಲಲ್ಲ, ಪ್ರಾಣ.

ಮೂರನೆಯದು ಆರೈಕೆ. ಟೈರಿನ ಗಾಳಿ ತಗ್ಗಿದರೆ ಉರುಳುವಿಕೆಗೆ ಹೆಚ್ಚು ಶಕ್ತಿ ಬೇಕು. ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವಾಗ, ಗಾಳಿ ಪರೀಕ್ಷಿಸಬೇಕು. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಬಳಿಯ ಚೀಟಿಯಲ್ಲಿಯೇ ಇರುತ್ತದೆ. ಹೇಳಿದ ದರ್ಜೆಯ ಆಯಿಲ್ ಹಾಕಿಸುವುದು, ಚಕ್ರಗಳ ಅಲೈನ್‌ಮೆಂಟ್ ನೋಡಿಸುವುದು, ಬರಿದಾದ ಕ್ಯಾರಿಯರನ್ನು ಮೇಲಿಂದ ಇಳಿಸುವುದು, ಕ್ಲಚ್ಚಿನ ಮೇಲೆ ಕಾಲಿಟ್ಟು ಓಡಿಸದಿರುವುದು, ಇಷ್ಟೇ. ಇಂಧನದ ಕೊಳವೆಗೆ ಅಯಸ್ಕಾಂತ ಕಟ್ಟಿಸುವಂಥ ಉಪಾಯಗಳಿಗೆ ಹಣ ಸುರಿಯಬೇಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿ, ಗಮನಾರ್ಹ ಉಳಿತಾಯ ಕೊಡುವಂಥದು ಒಂದೂ ಇಲ್ಲವೆಂದಿದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಮೈಲೇಜು ಕುಗ್ಗಿದೆಯೆಂಬ ದೂರಿನಲ್ಲಿ ಸತ್ಯಾಂಶವಿದೆ. ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಹಾಗಿರುವಾಗ ಉಳಿದದ್ದನ್ನಾದರೂ ಚೆಲ್ಲದಿರುವುದು ಲೇಸು.

ಕೊನೆಯದಾಗಿ, ನಿಂತ ಗಾಡಿ. ಬೇಲೂರು, ಹಳೇಬೀಡುಗಳ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಯಜಮಾನರು ಶಿಲಾಬಾಲಿಕೆಯರನ್ನು ನೋಡಿಬರುವ ತನಕ ಹೊರಗೆ ಕಾರುಗಳು ಎ.ಸಿ. ಹಾಕಿಕೊಂಡು ಉರಿಯುತ್ತಿರುತ್ತವೆ. ಸಣ್ಣ ಕಾರೂ ಹೀಗೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ಒಂದು ಹೆಜ್ಜೆಯೂ ಮುಂದೆ ಹೋಗದೆ ಸುಡುವ ಈ ಇಂಧನಕ್ಕೆ ಸಮರ್ಥನೆಯೇ ಇಲ್ಲ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ. 80ಕ್ಕೂ ಹೆಚ್ಚಿನದನ್ನು ಹೊರಗಿನಿಂದ ತರುವ ನಾವು, ಪ್ರತಿ ಲೀಟರ್ ಪೆಟ್ರೋಲಿಗೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡನ್ನೂ ಗಾಳಿಗೆ ಬಿಡುತ್ತಿದ್ದೇವೆ.

ನನ್ನ ಬೇಡಿಕೆ ಎರಡೇ. ಈ ದೇವಾಲಯಗಳ ವಾಹನ ನಿಲುಗಡೆಯಲ್ಲಿ 'ಎಂಜಿನ್ ಆರಿಸಿರಿ' ಎಂಬ ಕನ್ನಡ ಫಲಕ ಎದ್ದು ಕಾಣುವಂತಿರಲಿ, ಅದನ್ನು ಪಾಲಿಸುವಂತೆ ನೋಡಿಕೊಳ್ಳುವವರೂ ಇರಲಿ. ನಮ್ಮ ಡ್ರೈವಿಂಗ್ ಶಾಲೆಗಳು ಎಂಟು ಹಾಕಿಸಿ ಲೈಸೆನ್ಸ್ ಕೊಡಿಸುವುದರ ಜೊತೆಗೆ, ಮಿತವಾಗಿ ಓಡಿಸುವುದನ್ನೂ ಪಾಠವಾಗಿ ಕಲಿಸಲಿ. ಓದುಗ ಮಿತ್ರರು ಅಲ್ಲಿಯವರೆಗೆ ಕಾಯಬೇಕಿಲ್ಲ. ಮುಂದಿನ ಬಾರಿ ಟ್ಯಾಂಕ್ ತುಂಬಿಸಿದ ದಿನ ಕಿಲೋಮೀಟರನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಎರಡು ತಿಂಗಳು ಬರೆದರೆ ನಿಮ್ಮ ಗಾಡಿಯ ಲೆಕ್ಕ ನಿಮಗೇ ತಿಳಿಯುತ್ತದೆ.