ಹಸಿರಿನ ಮರೆಯಲ್ಲಿ ಬರಿದಾಗುತ್ತಿರುವ ಕಾಡು

ಬಿಳಿಗಿರಿರಂಗನ ಬೆಟ್ಟದ ಅರಣ್ಯದಲ್ಲಿ 1997ರಲ್ಲಿ ಸಂಶೋಧಕರು ಮಾದರಿ ತಾಕುಗಳನ್ನು ಗುರುತಿಸಿ ಅಲ್ಲಿದ್ದ ಸಸ್ಯಗಳನ್ನು ಎಣಿಸಿದರು. 2008ರಲ್ಲಿ ಮತ್ತೆ ಎಣಿಕೆ ನಡೆಯಿತು. ಮೊದಲ ಸಲ ಲಂಟಾನ ಎಂಬ ವಿದೇಶಿ ಕಳೆಪೊದೆ ಕಂಡದ್ದು ಶೇ 41ರಷ್ಟು ತಾಕುಗಳಲ್ಲಿ. ಎರಡನೆಯ ಸಲ ಶೇ 81ರಷ್ಟರಲ್ಲಿ. ಮೊದಲು ಪ್ರತಿ ಇಪ್ಪತ್ತು ಕಾಂಡಗಳಲ್ಲಿ ಒಂದು ಲಂಟಾನದ್ದಾಗಿದ್ದರೆ, ಹನ್ನೊಂದು ವರ್ಷಗಳ ನಂತರ ಪ್ರತಿ ಮೂರರಲ್ಲಿ ಒಂದು ಅದರದ್ದಾಗಿತ್ತು. ಇದೇ ಅವಧಿಯಲ್ಲಿ ಸ್ಥಳೀಯ ಸಸ್ಯಗಳ ವೈವಿಧ್ಯ ಕುಗ್ಗಿತ್ತು.

ಈ ಅಂಕಿಗಳು 2012ರಲ್ಲೇ ಪ್ರಕಟವಾದವು. ಒಂದು ಸಂರಕ್ಷಿತ ಅರಣ್ಯದ ಸಸ್ಯಸಮುದಾಯ ಹನ್ನೊಂದು ವರ್ಷಗಳಲ್ಲಿ ಇಷ್ಟು ಬದಲಾಗಿದೆ ಎಂಬ ವರದಿ ಒಂದು ರಾಜ್ಯದ ಸಾರ್ವಜನಿಕ ಜೀವನವನ್ನು ಕಲಕಬೇಕಿತ್ತು. ಹಾಗಾಗಲಿಲ್ಲ. ಕಾಡು ಉರಿದರೆ ಹೊಗೆ ಕಾಣುತ್ತದೆ, ಮರ ಕಡಿದರೆ ಬೊಡ್ಡೆ ಉಳಿಯುತ್ತದೆ. ಜಾತಿಗಳು ಒಂದೊಂದಾಗಿ ಹಿಂದೆ ಸರಿದಾಗ ಅಂಥ ಕುರುಹು ಏನೂ ಉಳಿಯುವುದಿಲ್ಲ. ಸಫಾರಿ ವಾಹನದಿಂದ ನೋಡಿದರೆ ರಸ್ತೆಯ ಎರಡೂ ಬದಿ ದಟ್ಟ ಹಸಿರು. ಉಪಗ್ರಹದ ಚಿತ್ರದಲ್ಲೂ ಹಸಿರೇ. ಆ ಹಸಿರು ಯಾವುದರದ್ದು ಎಂಬ ಪ್ರಶ್ನೆಯನ್ನು ಇನ್ನು ಮುಂದೂಡಲಾಗದು.

ಇದು ಏಕೆ ಗಂಭೀರ ಎಂದು ತಿಳಿಯಲು ಪರಿಸರ ವಿಜ್ಞಾನದ ಒಂದು ಹಳೆಯ ಸಮಸ್ಯೆಯನ್ನು ಅರಿಯಬೇಕು. ರಷ್ಯಾದ ವಿಜ್ಞಾನಿ ಗಾಸ್ ಅವರು 1934ರಲ್ಲಿ ಪ್ರಕಟಿಸಿದ ಪ್ರಯೋಗಗಳು ಪ್ರಸಿದ್ಧ. ಪ್ಯಾರಾಮೀಸಿಯಂ ಎಂಬ ಏಕಕೋಶ ಜೀವಿಯ ಎರಡು ಜಾತಿಗಳನ್ನು ಬೇರೆ ಬೇರೆಯಾಗಿ ಬೆಳೆಸಿದಾಗ ಎರಡೂ ಬದುಕಿದವು. ಒಂದೇ ಪಾತ್ರೆಯಲ್ಲಿ, ಒಂದೇ ಆಹಾರದ ಮೇಲೆ ಬಿಟ್ಟಾಗ ಒಂದು ಜಾತಿ ಮತ್ತೊಂದನ್ನು ಪೂರ್ತಿ ಅಳಿಸಿಹಾಕಿತು. ಒಂದೇ ಸಂಪನ್ಮೂಲವನ್ನು ಒಂದೇ ಬಗೆಯಲ್ಲಿ ಬಳಸುವ ಎರಡು ಜಾತಿಗಳು ಬಹುಕಾಲ ಜೊತೆಯಾಗಿ ಬಾಳಲಾರವು ಎಂಬ ತತ್ತ್ವಕ್ಕೆ ಅದು ಆಧಾರವಾಯಿತು.

ಹಾಗಿದ್ದರೆ ಕಾಡು ಹೇಗೆ ಸಾಧ್ಯ? ಸಸ್ಯಗಳೆಲ್ಲ ಬೇಡುವುದು ಬೆಳಕು, ನೀರು ಮತ್ತು ಅದೇ ಕೆಲವು ಪೋಷಕಾಂಶಗಳನ್ನು. ಆದರೂ ಮುದುಮಲೈನ ಒಣಕಾಡಿನ 50 ಹೆಕ್ಟೇರ್ ತಾಕಿನಲ್ಲಿ ಸುಮಾರು 70 ಜಾತಿಯ ಮರ, ಪೊದೆಗಳಿವೆ. ಪನಾಮಾದ ಮಳೆಕಾಡಿನಲ್ಲಿ ಅಷ್ಟೇ ವಿಸ್ತೀರ್ಣದಲ್ಲಿ ಸುಮಾರು 300. ಬಲಿಷ್ಠವಾದದ್ದು ಉಳಿದೆಲ್ಲವನ್ನೂ ಏಕೆ ನುಂಗಲಿಲ್ಲ?

ಇದಕ್ಕೆ ಸಿಕ್ಕ ಉತ್ತರಗಳಲ್ಲಿ ಬಹಳ ಮುಖ್ಯವಾದದ್ದನ್ನು 1970–71ರಲ್ಲಿ ಜಾನ್ಜೆನ್ ಮತ್ತು ಕಾನೆಲ್ ಎಂಬ ಇಬ್ಬರು ವಿಜ್ಞಾನಿಗಳು ಪ್ರತ್ಯೇಕವಾಗಿ ಮುಂದಿಟ್ಟರು. ತಾಯಿಮರದ ಬುಡದಲ್ಲಿ ಅದರ ಬೀಜಗಳು ಹೆಚ್ಚು ಬೀಳುತ್ತವೆ. ಅವನ್ನೇ ತಿನ್ನುವ ಕೀಟಗಳು, ಆ ಸಸಿಗಳನ್ನೇ ಬಾಧಿಸುವ ಶಿಲೀಂಧ್ರಗಳು ಅಲ್ಲೇ ಗುಂಪುಗೂಡುತ್ತವೆ. ಹಾಗಾಗಿ ತನ್ನ ಕುಲದ ಸಸಿಗಳಿಗಿಂತ ಬೇರೆ ಕುಲದ ಸಸಿಗಳಿಗೆ ಆ ಜಾಗದಲ್ಲಿ ಬದುಕುವ ಅವಕಾಶ ಹೆಚ್ಚು. ಹೊನ್ನೆಯ ಬುಡದಲ್ಲಿ ದಿಂಡಿಗ, ದಿಂಡಿಗದ ಬುಡದಲ್ಲಿ ನೆಲ್ಲಿ. ಹೀಗೆ ಪ್ರತಿ ಜಾತಿಗೂ ಅದರದೇ ಶತ್ರುಗಳು ಲಗಾಮು ಹಾಕಿರುವುದರಿಂದ ಎಲ್ಲಕ್ಕೂ ಎಡೆ ಸಿಗುತ್ತದೆ. ಕಾಡಿನ ವೈವಿಧ್ಯ ನಿಂತಿರುವುದು ಸ್ಪರ್ಧೆಗೆ ಬಿದ್ದಿರುವ ಇಂಥ ಹಲವು ಕಡಿವಾಣಗಳ ಮೇಲೆ.

ಲಂಟಾನ ಆ ಕಡಿವಾಣ ಇಲ್ಲದೆ ಬಂದ ಸಸ್ಯ. ಅದರ ಮೂಲ ಅಮೆರಿಕದ ಉಷ್ಣವಲಯ. ಯುರೋಪಿನ ತೋಟಗಳಲ್ಲಿ ಹೂವಿನ ಅಂದಕ್ಕಾಗಿ ತಳಿಗಳನ್ನು ಬೆರೆಸಿ ಬೆಳೆಸಿದ್ದನ್ನು ಬ್ರಿಟಿಷರು 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅದನ್ನು ತಿನ್ನುವ ಕೀಟಗಳು ಸಾಗರದಾಚೆಯೇ ಉಳಿದವು. ಕಳೆದ ಶತಮಾನದಲ್ಲಿ ಅಂಥ ಕೆಲವು ಕೀಟಗಳನ್ನು ತಂದು ಬಿಟ್ಟರೂ ಲಂಟಾನ ಹತೋಟಿಗೆ ಬರಲಿಲ್ಲ; ಹಲವು ತಳಿಗಳ ಮಿಶ್ರಣವಾದ ಸಸ್ಯಕ್ಕೆ ಹೊಂದುವ ಶತ್ರುವನ್ನು ಹುಡುಕುವುದು ಸುಲಭವಲ್ಲ.

ಲಂಟಾನದ ಮೆಳೆಯೊಳಗೆ ಬಗ್ಗಿ ನೋಡಿದವರಿಗೆ ಈ ಸಂಪಾದಕೀಯದ ಆತಂಕ ಅರ್ಥವಾಗುತ್ತದೆ. ಹೊರಗೆ ಕೆಂಪು, ಹಳದಿ, ನಸುಗೆಂಪು ಹೂಗೊಂಚಲು. ಕಪ್ಪಗೆ ಮಾಗಿದ ಹಣ್ಣಿಗೆ ಮುಗಿಬಿದ್ದ ಪಿಕಳಾರಗಳು. ಒಳಗೆ ಕೊಕ್ಕೆಮುಳ್ಳಿನ ಕಾಂಡಗಳು ಒಂದರೊಳಗೊಂದು ಹೆಣೆದುಕೊಂಡು ಆಳೆತ್ತರ ಮೀರಿ ನಿಂತಿರುತ್ತವೆ. ಆಸರೆ ಸಿಕ್ಕರೆ ಮರವನ್ನೇ ಹತ್ತುತ್ತವೆ. ನೆಲಕ್ಕೆ ಬೆಳಕು ತಲುಪುವುದು ಅಪರೂಪ. ಹುಲ್ಲು ಬಹುಮಟ್ಟಿಗೆ ಇಲ್ಲ. ಹೊನ್ನೆ, ಮತ್ತಿ, ಬೀಟೆಯ ಬೀಜ ಬಿದ್ದು ಮೊಳೆತರೂ ಬಡಕಲು ಸಸಿ ಮೇಲೇಳುವುದು ಕಷ್ಟ. ಮೇಲೆ ದೊಡ್ಡ ಮರಗಳು ಇನ್ನೂ ನಿಂತಿರುವುದರಿಂದ ಕಾಡು ಕ್ಷೇಮವಾಗಿದೆ ಎನಿಸುತ್ತದೆ. ಆ ಮರಗಳು ವಯಸ್ಸಾಗಿ ಉರುಳಿದ ದಿನ ಅವುಗಳ ಜಾಗಕ್ಕೆ ಬರಬೇಕಾದ ತಲೆಮಾರು ಕೆಳಗೆ ಇರುವುದಿಲ್ಲ.

ಪರಿಣಾಮ ಸಸ್ಯಗಳಿಗಷ್ಟೇ ಸೀಮಿತವಲ್ಲ. ಲಂಟಾನದ ಎಲೆ ವಿಷಕಾರಿ. ತಿಂದ ದನಗಳ ಯಕೃತ್ತು ಕೆಡುತ್ತದೆ. ಜಿಂಕೆ, ಕಾಟಿ, ಆನೆಗಳಿಗೆ ಬೇಕಾದ ಹುಲ್ಲಿನ ಜಾಗವನ್ನು ಅವು ತಿನ್ನದ ಪೊದೆ ಆಕ್ರಮಿಸಿದೆ. 2022ರ ಅಂದಾಜಿನಂತೆ ರಾಜ್ಯದಲ್ಲಿ 563 ಹುಲಿಗಳಿವೆ. 2023ರ ಗಣತಿಯಂತೆ 6,395 ಆನೆಗಳಿವೆ. ಈ ಸಂಖ್ಯೆಗಳ ಬಗ್ಗೆ ನಾವು ಹೆಮ್ಮೆಪಟ್ಟಿದ್ದೇವೆ, ಅದು ನ್ಯಾಯವೂ ಹೌದು. ಆದರೆ ಅವುಗಳಿಗೆ ಊಟ ಒದಗಿಸಬೇಕಾದ ನೆಲದ ಸ್ಥಿತಿಯನ್ನು ಅದೇ ಕಾಳಜಿಯಿಂದ ಕೇಳಿಲ್ಲ. ಆನೆಗಳು ಹೊಲಕ್ಕೆ ಬರಲು ಕಾರಣಗಳು ಹಲವು. ಕಾಡಿನೊಳಗೆ ಮೇವು ಕುಗ್ಗುತ್ತಿರುವುದನ್ನು ಆ ಪಟ್ಟಿಯಿಂದ ಹೊರಗಿಡಲಾಗದು.

ಬಿಳಿಗಿರಿರಂಗನ ಬೆಟ್ಟದ ಆದಿವಾಸಿ ಸೋಲಿಗರು ಈ ಬದಲಾವಣೆಯನ್ನು ವಿಜ್ಞಾನಿಗಳಿಗಿಂತ ಮೊದಲೇ ಕಂಡವರು. ನೆಲ್ಲಿಕಾಯಿ, ಜೇನು, ಗೆಡ್ಡೆ ಗೆಣಸು ಅವರ ಬದುಕಿನ ಆಧಾರ. ಹಿಂದೆ ಬೇಸಿಗೆ ಬಲಿಯುವ ಮುನ್ನ ನೆಲದ ತರಗೆಲೆಗೆ ಅವರು ಹಗುರವಾದ ಬೆಂಕಿ ಇಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದೇ ಹೆಸರು. 1972ರ ವನ್ಯಜೀವಿ ಕಾಯ್ದೆ ಜಾರಿಗೆ ಬಂದು 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ತರಗು ಬೆಂಕಿ ನಿಂತದ್ದೇ ಲಂಟಾನ ಹಬ್ಬಲು ಕಾರಣ ಎಂಬುದು ಹಿರಿಯ ಸೋಲಿಗರ ದೃಢವಾದ ಮಾತು. ಸಂಶೋಧಕರು ಇದನ್ನು ಪರೀಕ್ಷಿಸಬೇಕಾದ ವಿಚಾರವೆಂದು ಗಂಭೀರವಾಗಿ ತೆಗೆದುಕೊಂಡಿದ್ದಾರೆ.

ಇಲ್ಲಿ ಅವಸರದ ತೀರ್ಮಾನ ಅಪಾಯಕಾರಿ. ಲಂಟಾನ ತುಂಬಿರುವ ಇಂದಿನ ಕಾಡಿಗೆ ಬೆಂಕಿ ಇಟ್ಟರೆ ಅದು ಅಂದಿನ ತರಗು ಬೆಂಕಿಯಾಗಿ ಉಳಿಯುವುದಿಲ್ಲ. ಒಣಗಿದ ಮೆಳೆ ನೆಲದ ಉರಿಯನ್ನು ಮರದ ನೆತ್ತಿಗೆ ಏರಿಸುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟದ್ದನ್ನು ರಾಜ್ಯ ಮರೆತಿಲ್ಲ. ಬೆಂಕಿಯಿಂದ ತೆರೆದ ನೆಲದಲ್ಲಿ ಮೊದಲು ಚಿಗುರುವ ಸಸ್ಯಗಳಲ್ಲಿ ಲಂಟಾನವೂ ಒಂದು. ಅದು ಮತ್ತೆ ಒಣಗಿ ಮುಂದಿನ ಬೆಂಕಿಗೆ ಇಂಧನವಾಗುತ್ತದೆ. ಎಲ್ಲಿ, ಯಾವ ತಿಂಗಳಲ್ಲಿ, ಲಂಟಾನ ತೆಗೆದ ಎಷ್ಟು ಕಾಲದ ಮೇಲೆ ಹಗುರ ಬೆಂಕಿಯನ್ನು ಪರೀಕ್ಷಿಸಬಹುದು ಎಂಬುದನ್ನು ಸೋಲಿಗರು, ಅರಣ್ಯ ಇಲಾಖೆ, ವಿಜ್ಞಾನಿಗಳು ಒಟ್ಟಿಗೆ ನಿಂತು ಸಣ್ಣ ತಾಕುಗಳಲ್ಲಿ ಪ್ರಯೋಗ ಮಾಡಿಯೇ ತಿಳಿಯಬೇಕು. ಅಂಥ ಪ್ರಯೋಗಕ್ಕೆ ಅನುಮತಿ ಕೊಡುವ ಧೈರ್ಯ ಸರ್ಕಾರಕ್ಕೆ ಬೇಕು.

ಸಮಸ್ಯೆ ಬೆಟ್ಟಕ್ಕೆ ಸೀಮಿತವಾಗಿಲ್ಲ. ದೇಶದ ಅರಣ್ಯಗಳಲ್ಲಿ ಸುಮಾರು 1.54 ಲಕ್ಷ ಚದರ ಕಿಲೋಮೀಟರ್‌ಗಳಷ್ಟು ಪ್ರದೇಶವನ್ನು ಲಂಟಾನ ಆವರಿಸಿದೆ, ಹುಲಿಗಳ ನೆಲೆಯ ಶೇ 40ಕ್ಕೂ ಹೆಚ್ಚು ಭಾಗ ಅದರ ಹಿಡಿತದಲ್ಲಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಜಗತ್ತಿನಲ್ಲಿ ದಾಖಲಾದ ಜೀವಿಗಳ ಅಳಿವಿನಲ್ಲಿ ಶೇ 60ರಷ್ಟು ಪ್ರಕರಣಗಳಿಗೆ ಆಕ್ರಮಣಕಾರಿ ಜಾತಿಗಳೇ ಕಾರಣ ಅಥವಾ ಕಾರಣಗಳಲ್ಲೊಂದು ಎಂದು ಜೀವವೈವಿಧ್ಯ ಕುರಿತ ಅಂತರಸರ್ಕಾರಿ ವೇದಿಕೆ 2023ರಲ್ಲಿ ವರದಿ ಮಾಡಿತು.

ಈ ನಡುವೆ ಎರಡನೆಯ ಆಕ್ರಮಣ ಆರಂಭವಾಗಿದೆ. ವಯನಾಡಿನಲ್ಲಿ 1980ರ ದಶಕದಲ್ಲಿ ಸಾಮಾಜಿಕ ಅರಣ್ಯೀಕರಣದ ಹೆಸರಿನಲ್ಲಿ ನೆಟ್ಟ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಹಳದಿ ಹೂವಿನ ಮರ ಇಂದು ನೀಲಗಿರಿ ಜೀವಗೋಳ ಮೀಸಲು ಪ್ರದೇಶದುದ್ದಕ್ಕೂ ಹರಡುತ್ತಿದೆ. ಬಂಡೀಪುರ, ನಾಗರಹೊಳೆಗಳೂ ಅದರಿಂದ ಹೊರತಲ್ಲ. ಕಡಿದರೆ ಬೊಡ್ಡೆಯಿಂದ ಹಲವು ಕವಲಾಗಿ ಚಿಗುರುವ ಮರ ಅದು. ಲಂಟಾನವನ್ನು ತಂದವರು ವಸಾಹತು ಆಡಳಿತಗಾರರು ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಸೆನ್ನಾವನ್ನು ಕಾಡಿನಂಚಿಗೆ ಒಯ್ದದ್ದು ಸ್ವತಂತ್ರ ಭಾರತದ ಸರ್ಕಾರಿ ನರ್ಸರಿ. ಇದನ್ನು ದಾಖಲಿಸುವುದು ಅಗತ್ಯ; ಏಕೆಂದರೆ ಬೇಗ ಬೆಳೆಯುತ್ತದೆ ಎಂಬ ಒಂದೇ ಕಾರಣಕ್ಕೆ ಸಸಿ ಆಯ್ಕೆ ಮಾಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಸತ್ತಿಲ್ಲ.

ಕಳೆ ತೆಗೆಯುವ ಕೆಲಸ ನಡೆದೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಅದನ್ನು ಅಳೆಯುವ ಕ್ರಮ ತಪ್ಪಿದೆ ಎಂಬುದು ನಮ್ಮ ಆಕ್ಷೇಪ. ಲಂಟಾನವನ್ನು ನೆಲಮಟ್ಟಕ್ಕೆ ಕತ್ತರಿಸಿದರೆ ಮುಂದಿನ ಮಳೆಗೆ ಅದು ಇನ್ನೂ ದಟ್ಟವಾಗಿ ಏಳುತ್ತದೆ. ಮಣ್ಣಿನಿಂದ ಕೆಲವು ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕತ್ತರಿಸಿ, ಬುಡವನ್ನು ತಲೆಕೆಳಗು ಮಾಡಿ ಒಣಗಲು ಬಿಡುವ ವಿಧಾನವನ್ನು ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿ ವರ್ಷಗಳೇ ಆಗಿವೆ. ಯಂತ್ರದಿಂದ ನೆಲ ಕೆದಕದೆ, ಗುದ್ದಲಿ ಹಿಡಿದ ಕೈಯಿಂದ ಮಾಡುವ ಕೆಲಸ ಅದು. ಮಣ್ಣಿನಲ್ಲಿ ಉಳಿದ ಬೀಜ ಮೊಳೆಯುತ್ತಲೇ ಇರುತ್ತದೆ, ಹಕ್ಕಿಗಳು ಹೊಸ ಬೀಜ ತರುತ್ತಲೇ ಇರುತ್ತವೆ. ಆದ್ದರಿಂದ ವರ್ಷ ವರ್ಷವೂ ಎಳೆ ಸಸಿ ಕೀಳಬೇಕು, ಸ್ಥಳೀಯ ಹುಲ್ಲನ್ನು ಮರಳಿ ಎಬ್ಬಿಸಬೇಕು. ಆರ್ಥಿಕ ವರ್ಷದ ಕೊನೆಗೆ ಇಷ್ಟು ಹೆಕ್ಟೇರ್ ಸ್ವಚ್ಛವಾಯಿತು ಎಂಬ ಲೆಕ್ಕಕ್ಕೆ ಈ ಕೆಲಸ ಒಗ್ಗುವುದಿಲ್ಲ.

ಇದಕ್ಕಿಂತ ಆಳವಾದ ವೈಫಲ್ಯ ಎಣಿಕೆಯದು. ಮುದುಮಲೈನ ತಾಕನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ 1988ರಲ್ಲಿ ಸ್ಥಾಪಿಸಿತು. ಅಲ್ಲಿ ಪ್ರತಿ ಕಾಂಡಕ್ಕೂ ಒಂದು ಸಂಖ್ಯೆ ಇದೆ. ಯಾವುದು ಸತ್ತಿತು, ಯಾವುದು ಹೊಸದಾಗಿ ಬಂತು, ಯಾವುದನ್ನು ಆನೆ ಮುರಿಯಿತು, ಯಾವುದು ಬೆಂಕಿಗೆ ತುತ್ತಾಯಿತು ಎಂಬುದು ದಾಖಲಾಗುತ್ತ ಬಂದಿದೆ. ದಶಕಗಳ ಅಂಥ ಪುಸ್ತಕವಿಲ್ಲದಿದ್ದರೆ ಬರಗಾಲದ ಒಂದು ವರ್ಷದ ಏರುಪೇರಿಗೂ ಶಾಶ್ವತ ಕುಸಿತಕ್ಕೂ ಇರುವ ಭೇದ ತಿಳಿಯುವುದೇ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಬದಲಾವಣೆ ನಮಗೆ ತಿಳಿದದ್ದೂ ಯಾರೋ ಹನ್ನೊಂದು ವರ್ಷಗಳ ಬಳಿಕ ಹಳೆಯ ತಾಕುಗಳಿಗೆ ಹಿಂದಿರುಗಿದ್ದರಿಂದ.

ಹೀಗೆ ಹಿಂದಿರುಗುವ ಸಂಶೋಧನೆಗೆ ನಮ್ಮ ವ್ಯವಸ್ಥೆಯಲ್ಲಿ ನೆಲೆ ಇಲ್ಲ. ಧನಸಹಾಯ ಮೂರು ವರ್ಷಗಳ ಯೋಜನೆಗಳಿಗೆ. ಕಾಡು ಪ್ರವೇಶದ ಅನುಮತಿ ಅದಕ್ಕಿಂತ ಕಡಿಮೆ ಅವಧಿಗೆ. ದೇಶದ ಹಲವು ಜೀವವಲಯಗಳಲ್ಲಿ ದೀರ್ಘಕಾಲೀನ ಪರಿಸರ ವೀಕ್ಷಣಾಲಯಗಳ ಜಾಲವನ್ನು ಕೇಂದ್ರ ಪರಿಸರ ಸಚಿವಾಲಯ 2015ರಲ್ಲಿ ಘೋಷಿಸಿತು. ಇಂಥ ಜಾಲಕ್ಕೆ ಪ್ರತಿವರ್ಷ ತಪ್ಪದೆ ಅನುದಾನ ಸಿಗಬೇಕು. ಒಂದು ವರ್ಷ ಕೈಬಿಟ್ಟ ಎಣಿಕೆಯನ್ನು ಮುಂದಿನ ವರ್ಷ ಹಣ ಕೊಟ್ಟು ತುಂಬಿಸಲಾಗುವುದಿಲ್ಲ.

ರಾಜ್ಯ ಸರ್ಕಾರ ಮಾಡಬೇಕಾದದ್ದು ಸ್ಪಷ್ಟವಿದೆ. ಪ್ರತಿ ಹುಲಿ ಸಂರಕ್ಷಿತ ಪ್ರದೇಶದಲ್ಲೂ ಶಾಶ್ವತ ಸಸ್ಯ ತಾಕುಗಳನ್ನು ಸ್ಥಾಪಿಸಬೇಕು, ಅವುಗಳ ದತ್ತಾಂಶವನ್ನು ಸಾರ್ವಜನಿಕರ ಮುಂದಿಡಬೇಕು. ಕಳೆ ತೆಗೆದ ಜಾಗದಲ್ಲಿ ಐದು ವರ್ಷಗಳ ನಂತರ ಯಾವ ಸ್ಥಳೀಯ ಜಾತಿಗಳು ಮರಳಿವೆ ಎಂಬ ವರದಿ ಇಲ್ಲದೆ ಕಾಮಗಾರಿ ಮುಗಿಯಿತೆಂದು ಒಪ್ಪಬಾರದು. 2011ರಲ್ಲಿ ಬೆಟ್ಟದ ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆತಿದೆ. ಕೂಲಿಗೆ ಮಾತ್ರ ಅವರನ್ನು ಕರೆಯುವುದು ನಿಂತು, ಎಲ್ಲಿ ಏನು ಮಾಡಬೇಕೆಂಬ ನಿರ್ಣಯದಲ್ಲೂ ಎಣಿಕೆಯಲ್ಲೂ ಅವರು ಪಾಲುದಾರರಾಗಬೇಕು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಾಂಡದಿಂದ ಪೀಠೋಪಕರಣ ತಯಾರಿಸಿ ತೋರಿಸಿದ್ದಾರೆ. ಹಬ್ಬಿರುವ ಪ್ರಮಾಣಕ್ಕೆ ಅದು ಪರಿಹಾರವಾಗದು, ಆದರೂ ಕೈಗೆ ಕೆಲಸ ಕೊಡುವ ಆ ಪ್ರಯತ್ನ ಬೆಂಬಲಕ್ಕೆ ಅರ್ಹ.

ಕೇಂದ್ರದ ಹೊಣೆಯೂ ಕಡಿಮೆಯಲ್ಲ. ಆಕ್ರಮಣಕಾರಿ ವಿದೇಶಿ ಜಾತಿಗಳ ಆಮದು, ವ್ಯಾಪಾರ, ಪ್ರಸರಣವನ್ನು ನಿಯಂತ್ರಿಸುವ ಅಧಿಕಾರವನ್ನು 2022ರ ವನ್ಯಜೀವಿ ತಿದ್ದುಪಡಿ ಕಾಯ್ದೆ ಅದಕ್ಕೆ ನೀಡಿದೆ. ಅದೇ ವರ್ಷ ಮಾಂಟ್ರಿಯಲ್‌ನಲ್ಲಿ ಅಂಗೀಕೃತವಾದ ಜಾಗತಿಕ ಜೀವವೈವಿಧ್ಯ ಒಪ್ಪಂದದಲ್ಲಿ, ಇಂಥ ಜಾತಿಗಳು ಹೊಸದಾಗಿ ನೆಲೆಯೂರುವ ಪ್ರಮಾಣವನ್ನು 2030ರೊಳಗೆ ಅರ್ಧಕ್ಕೆ ಇಳಿಸುವ ಗುರಿಯಿದೆ. ಭಾರತವೂ ಅದಕ್ಕೆ ಬದ್ಧ. ಇಷ್ಟಾದರೂ ಬಣ್ಣದ ಹೂವಿನ ಲಂಟಾನ ತಳಿಗಳು ನಗರದ ನರ್ಸರಿಗಳಲ್ಲಿ ಮಾರಾಟಕ್ಕಿವೆ. ಅದನ್ನು ಕೊಳ್ಳದಿರುವುದು ನಾಗರಿಕರ ಕೈಯಲ್ಲಿದೆ. ಮಾರದಂತೆ ನೋಡಿಕೊಳ್ಳುವುದು ಸರ್ಕಾರದ ಕೈಯಲ್ಲಿದೆ.

ಮುಂದಿನ ಆಯವ್ಯಯ ಸಿದ್ಧವಾಗುವ ಮುನ್ನ ಅರಣ್ಯ ಸಚಿವರು ವಿಧಾನಸಭೆಯ ಮುಂದೆ ಮೂರು ಉತ್ತರಗಳನ್ನು ಇಡಬೇಕು: ಕಳೆದ ಹತ್ತು ವರ್ಷಗಳಲ್ಲಿ ಕಳೆ ತೆಗೆಯಲು ಎಲ್ಲೆಲ್ಲಿ ಎಷ್ಟು ಖರ್ಚಾಗಿದೆ, ಆ ಜಾಗಗಳಲ್ಲಿ ಇಂದು ಏನು ಬೆಳೆದಿದೆ, ಅದನ್ನು ನೋಡಿ ಬಂದವರು ಯಾರು.