ಹೊಲ ನಿಮ್ಮದು, ಹೊಲದ ಕೆಳಗಿನ ನೀರು ಯಾರದು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕೂ ತಾಲ್ಲೂಕಿನವರಿಗೆ ನದಿ ಅಂದರೆ ಮಲಪ್ರಭೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಎಂ.ಕೆ. ಹುಬ್ಬಳ್ಳಿ ದಾಟಿ, ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಆಮೇಲೆ ರಾಮದುರ್ಗದ ಕಡೆ ಇಳಿಯುತ್ತಾಳೆ. ಅದೇ ಅಣೆಕಟ್ಟಿನ ನೀರು ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೂ ಹೋಗುತ್ತದೆ. ಕುಡಿಯುವ ನೀರಿಗೆ ನಮ್ಮ ತಕರಾರಿಲ್ಲ. ನಮ್ಮ ಮಕ್ಕಳು ಅಲ್ಲೇ ಓದುತ್ತಾರೆ, ನಮ್ಮವರು ಅಲ್ಲೇ ಗೌಂಡಿ ಕೆಲಸ ಮಾಡುತ್ತಾರೆ. ನಮ್ಮ ತಕರಾರು ನೀರು ಕೇಳುವ ರೀತಿಯ ಬಗ್ಗೆ.

ನದಿ ನೀರನ್ನು ನಮ್ಮಿಂದ ಯಾರೂ ಕೊಳ್ಳುವುದಿಲ್ಲ, ಕೊಳ್ಳುವ ಅಗತ್ಯವೂ ಇಲ್ಲ. ಅದು ಸರ್ಕಾರದ ಅಧೀನ. 2012ರ ರಾಷ್ಟ್ರೀಯ ಜಲನೀತಿಯಲ್ಲೂ ಕುಡಿಯುವ ನೀರಿಗೇ ಮೊದಲ ಆದ್ಯತೆ. ಹಾಗಾಗಿ ಬೆಂಗಳೂರಿನಿಂದ ಒಂದು ಆದೇಶ ಬಂದರೆ ಪೈಪು ಬೀಳುತ್ತದೆ. ಅವಳಿ ನಗರದ ಜನಸಂಖ್ಯೆ 2011ರ ಗಣತಿಯಲ್ಲೇ 9.43 ಲಕ್ಷ ಇತ್ತು. 2008ರಿಂದ ಅಲ್ಲಿನ ಕೆಲವು ವಾರ್ಡುಗಳಿಗೆ ದಿನದ 24 ತಾಸು ನೀರು ಬಂತು. ರೇಣುಕಾಸಾಗರದ ಸಾಮರ್ಥ್ಯ 37.73 ಟಿಎಂಸಿ. ಅದು ತುಂಬದ ವರ್ಷ ಕಾಲುವೆ ತುದಿಯವರ ಕಡಲೆ, ಜೋಳ ಒಣಗುತ್ತದೆ. ನಗರ ಮತ್ತು ಹೊಲ ಒಂದೇ ಕೊಡಕ್ಕೆ ಕೈ ಹಾಕಿದಾಗ ಯಾರ ಕೈ ಹಿಂದೆ ಸರಿಯಬೇಕು ಅನ್ನುವುದು ನಿಮಗೂ ಗೊತ್ತು.

ಈ ಭಾಗದ ರೈತ ಸುಮ್ಮನೆ ಕೂತವನಲ್ಲ. ನೀರು ಸರಿಯಾಗಿ ಬಾರದ ಹೊಲಕ್ಕೂ ಅಭಿವೃದ್ಧಿ ಕರ ಹೇರಿದಾಗ ನರಗುಂದ, ನವಲಗುಂದ ಎದ್ದು ನಿಂತವು. 1980ರ ಜುಲೈ 21 ಇವತ್ತಿಗೂ ಹುತಾತ್ಮ ದಿನ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕಳಸಾ-ಬಂಡೂರಿಗೆ 3.9 ಟಿಎಂಸಿ ಕೊಟ್ಟಿತು, ಆ ನೀರು ಇನ್ನೂ ಮಲಪ್ರಭೆಗೆ ಸೇರಿಲ್ಲ. ಹಿಡಕಲ್ ಜಲಾಶಯದ ನೀರನ್ನು ಧಾರವಾಡದ ಕೈಗಾರಿಕೆಗೆ ಒಯ್ಯುತ್ತಾರೆ ಅಂದಾಗ 2025ರಲ್ಲಿ ಬೆಳಗಾವಿಯಲ್ಲಿ ವಿರೋಧ ಎದ್ದಿತು.

ನದಿ ವಿಷಯಕ್ಕೆ ಬೀದಿಗೆ ಇಳಿಯುತ್ತೇವೆ, ಸರಿ. ನೆಲದ ಕೆಳಗಿನ ನೀರಿನ ವಿಷಯದಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ಯಾಕೆಂದರೆ ಅಲ್ಲಿ ಮಾರುವವರು ನಾವೇ.

1882ರ ಈಸ್‌ಮೆಂಟ್ ಕಾಯ್ದೆ ಬ್ರಿಟಿಷರದು. ಅದರ ಪ್ರಕಾರ ಭೂಮಾಲೀಕ ತನ್ನ ಹೊಲದ ಕೆಳಗಿನ ನೀರನ್ನು ಎತ್ತಿ ತನಗೆ ಬೇಕಾದಂತೆ ಬಳಸಬಹುದು. ಅಂದರೆ ಉತಾರದಲ್ಲಿ ಹೆಸರಿದ್ದವನೇ ಧಣಿ. ಹೆಸರಿಲ್ಲದವನಿಗೆ, ಲಾವಣಿಗೆ ಮಾಡುವವನಿಗೆ, ಕೂಲಿಗೆ ಬರುವ ಅಕ್ಕಂದಿರಿಗೆ ಅಲ್ಲಿ ಮಾತೇ ಇಲ್ಲ. ಆದರೆ ನೀರಿಗೆ ಬದು ಗೊತ್ತಿಲ್ಲ. ಒಬ್ಬರು ಆಳಕ್ಕೆ ಬೋರ್ ಕೊರೆಸಿ ಟ್ಯಾಂಕರ್ ತುಂಬಿಸಿದರೆ ಪಕ್ಕದವರ ಬಾವಿ ಇಳಿಯುತ್ತದೆ. ಮಾರಿದವರ ಕಿಸೆಗೆ ರೊಕ್ಕ, ನಷ್ಟ ಓಣಿಗೆಲ್ಲ. ಅದೂ ಹತ್ತು ಎಚ್‌ಪಿವರೆಗೆ ಸರ್ಕಾರ ಬೆಳೆಗೆಂದು ಕೊಟ್ಟ ಉಚಿತ ಕರೆಂಟಿನಲ್ಲಿ!

ಇದು ನಮ್ಮ ಕಲ್ಪನೆಯಲ್ಲ, ಚೆನ್ನೈನಲ್ಲಿ ನಡೆದದ್ದು. 2000ದ ನಂತರದ ಬರದ ವರ್ಷಗಳಲ್ಲಿ ಅಲ್ಲಿನ ಜಲಮಂಡಳಿ ತಿರುವಳ್ಳೂರು ಕಡೆಯ ರೈತರ ಬಾವಿಗಳಿಂದ ನೀರು ಕೊಂಡಿತು. ಬಾವಿ ಇದ್ದವರಿಗೆ ಬೆಳೆಗಿಂತ ನೀರೇ ಲಾಭ. ಬಿತ್ತನೆ ನಿಂತ ಹೊಲದಲ್ಲಿ ಕೂಲಿಯವರಿಗೆ ಕೆಲಸ ಎಲ್ಲಿಂದ ಬರಬೇಕು?

ಇನ್ನೂ ಹಳೆಯದು ಅಮೆರಿಕದ್ದು. ಲಾಸ್ ಏಂಜಲೀಸ್ ನಗರ ಬೆಳೆಯುತ್ತಿತ್ತು, ನೀರಿರಲಿಲ್ಲ. 1905ರ ಹೊತ್ತಿಗೆ ದೂರದ ಓವೆನ್ಸ್ ಕಣಿವೆಯಲ್ಲಿ ನಗರದ ಪರವಾಗಿ ಹೊಲಗಳ ಖರೀದಿ ಶುರುವಾಯಿತು. ಹೊಲದ ಜೊತೆ ನೀರಿನ ಹಕ್ಕೂ ಬರುತ್ತಿತ್ತು. 1913ರಲ್ಲಿ ಕಾಲುವೆ ಮುಗಿಯಿತು, ಉದ್ದ ಸುಮಾರು 375 ಕಿಲೋಮೀಟರ್. ಆಮೇಲಿನ ಖರೀದಿಯಲ್ಲಿ ಒಂದು ಜಾಣತನವಿತ್ತು. ಸಾಲಾಗಿ ಕೊಳ್ಳದೆ ಇಲ್ಲೊಂದು ಹೊಲ, ಅಲ್ಲೊಂದು ಹೊಲ ಕೊಂಡರು. ನಡುವೆ ಉಳಿದವರ ಹೊಲಗಾಲುವೆಯ ಖರ್ಚು ಅವರ ತಲೆಗೇ ಬಿತ್ತು, ನೀರು ಕಡಿಮೆಯಾಯಿತು, ಕಡೆಗೆ ಸಿಕ್ಕಷ್ಟಕ್ಕೆ ಮಾರಿದರು. 1924ರಲ್ಲಿ ಸಿಟ್ಟಿಗೆದ್ದ ರೈತರು ಕಾಲುವೆಗೆ ಡೈನಮೈಟ್ ಇಟ್ಟರು. ನಗರ ನಿಲ್ಲಲಿಲ್ಲ. ಓವೆನ್ಸ್ ಕೆರೆ ಬತ್ತಿತು, ಅದರ ತಳದಿಂದ ಏಳುವ ಧೂಳನ್ನು ಅಡಗಿಸಲು ಆ ನಗರವೇ ಇವತ್ತಿಗೂ ಖರ್ಚು ಮಾಡುತ್ತಿದೆ.

ಇದರಲ್ಲಿ ನಮಗೆ ಮುಖ್ಯ ಅನಿಸುವುದು ಡೈನಮೈಟ್ ಅಲ್ಲ, ಆ ಮೊದಲ ಕೆಲವು ಸಹಿಗಳು. ಅಲ್ಲಿ ಯಾರನ್ನೂ ಲಾಠಿಯಿಂದ ಓಡಿಸಲಿಲ್ಲ. ಒಬ್ಬೊಬ್ಬರ ಮನೆಗೆ ಹೋಗಿ ಒಳ್ಳೆಯ ಬೆಲೆ ಕೊಟ್ಟರು. ಪಕ್ಕದವನನ್ನು ಕೇಳದೆ ಸಹಿ ಮಾಡುವುದು ಸುಲಭವಾಯಿತು. ಸಾಲ ತಲೆ ಮೇಲಿದ್ದಾಗ ನಮ್ಮಲ್ಲಿ ಯಾರು ಬೇಡ ಅಂದಾರು?

ನಮ್ಮ ಅಭಿಪ್ರಾಯ ಇಷ್ಟು. ನಗರಕ್ಕಾಗಲಿ ಕೈಗಾರಿಕೆಗಾಗಲಿ ಹಳ್ಳಿಯ ಅಂತರ್ಜಲ ಬೇಕಿದ್ದರೆ, ಅದು ಉತಾರದಾರನ ಜೊತೆ ಮಾತ್ರ ಮುಗಿಯುವ ವ್ಯವಹಾರ ಆಗಬಾರದು. ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಹೊಲವಿಲ್ಲದವರೂ ಅಲ್ಲಿ ಕೈ ಎತ್ತಲಿ. ಕರಾರು ಒಂದು ಹಂಗಾಮಿನದ್ದಾಗಿರಲಿ, ಕಾಯಂ ಖರೀದಿ ಬೇಡವೇ ಬೇಡ. ಬರದಲ್ಲಿ ತಾಲ್ಲೂಕು ಆಡಳಿತ ಖಾಸಗಿ ಬೋರ್‌ವೆಲ್ ಬಾಡಿಗೆಗೆ ಪಡೆದು ಊರಿಗೆ ನೀರು ಕೊಡುವುದಿಲ್ಲವೇ? ತಿಂಗಳ ಲೆಕ್ಕ, ಮಳೆ ಬಂದರೆ ಬಿಡುಗಡೆ. ನಗರಕ್ಕೆ ಕೊಡುವಾಗಲೂ ಹಾಗೇ ಇರಲಿ. ಸುತ್ತಲಿನ ಬಾವಿಗಳ ಮಟ್ಟ ತಿಂಗಳಿಗೊಮ್ಮೆ ಅಳೆದು ಪಂಚಾಯಿತಿ ಗೋಡೆಗೆ ಬರೆಯಲಿ. ಗೆರೆ ಕೆಳಗಿಳಿದರೆ ಪಂಪು ಬಂದ್.

ಅಡ್ಡ ಮಾತು ಬರುತ್ತದೆ: ನನ್ನ ಹೊಲ, ನನ್ನ ಬೋರ್, ನಿಮಗೇನು? ನಿಜ, ಬೋರ್ ಕೊರೆಸಲು ಸಾಲ ಮಾಡಿದವರು ಅವರೇ. ಅವರಿಗೆ ಬಾಡಿಗೆ ಸಿಗಲಿ, ಬೇಡ ಅನ್ನುವವರು ನಾವಲ್ಲ. ಅದರಲ್ಲೊಂದು ಪಾಲು ಕೆರೆ ಹೂಳೆತ್ತಲು ಪಂಚಾಯಿತಿಗೆ ಬರಲಿ ಅನ್ನುತ್ತೇವೆ. ನಿಮ್ಮೂರಿಗೆ ಯಾರಾದರೂ ನೀರಿನ ಕರಾರು ಪತ್ರ ಹಿಡಿದುಕೊಂಡು ಬಂದರೆ, ಸಹಿ ಹಾಕುವ ಮೊದಲು ಅದರ ಫೋಟೊ ತೆಗೆದು ಊರ ಗ್ರೂಪಿಗೆ ಹಾಕಿ. ಮುದತ್ತು ಎಷ್ಟು ವರ್ಷ ಅನ್ನುವ ಸಾಲನ್ನು ಮೊದಲು ಓದಿಸಿ.